ವಾಷ್, ವಾಷ್ಡ್ ಮತ್ತು ವಾರಗಿತ್ತಿ

ವಾರಗಿತ್ತಿಯನ್ನು ಹೋಟೆಲಿನ ಲಾಂಡ್ರಿಗೆ ಕೈಹಿಡಿದು ಕರೆತಂದವಳು ದೊಡ್ಡವಳೇ. ಆ ತಪ್ಪಿಗೆ ಈಗ ದಿನವೂ ಮೈ ಪರಚಿಕೊಳ್ಳುತ್ತಿದ್ದಳು. ಮೈದುನನ ಹೆಂಡತಿ, ಮನೆಗೆ ಹೊಸಬಳು, ಪಾಪ ಎಂದು ಲಾಂಡ್ರಿ ನೋಡಿಕೊಳ್ಳುವ ಮೇಡಂ ಹತ್ತಿರ ಹೇಳಿ ಕೆಲಸ ಕೊಡಿಸಿದ್ದಳು. ಪಾಪವಂತೆ ಪಾಪ. ಬಂದ ಸ್ವಲ್ಪ ದಿನಕ್ಕೇ ಮೆಷಿನ್ನಿನವನಿಂದ ಹಿಡಿದು ಇಸ್ತ್ರಿ ಅಜ್ಜನವರೆಗೆ ಎಲ್ಲರ ಬಾಯಲ್ಲೂ "ಚಿಕ್ಕವಳು ಬಂದ್ಲಾ, ಚಿಕ್ಕವಳು ಎಲ್ಲಿ" ಎಂಬ ಒಂದೇ ಮಾತು. ಇಷ್ಟು ವರ್ಷ ಅದೇ ಒದ್ದೆ ನೆಲ ತುಳಿದ ದೊಡ್ಡವಳು ಇದ್ದಾಳೋ ಸತ್ತಳೋ ಎಂದು ಕೇಳಿದವರಿರಲಿಲ್ಲ.

ಅಷ್ಟರಲ್ಲಿ ಕೌಂಟರಿನ ಕುರ್ಚಿ ಖಾಲಿಯಾಯಿತು. ಅಲ್ಲಿ ಕೂರುವವಳಿಗೆ ಹಬೆಯ ಕಾಟವಿಲ್ಲ, ಸೋಪಿನ ನೀರಿಲ್ಲ. ಹೊರದೇಶದಿಂದ ಬಂದು ತಂಗಿದವರ ಬಟ್ಟೆ ತೆಗೆದುಕೊಂಡು, ಯಾವುದು ಒಗೆದಾಯಿತು, ಯಾವುದು ನಾಳೆ ಇಸ್ತ್ರಿಯಾಗುತ್ತದೆ ಎಂದು ಇಂಗ್ಲಿಷಿನಲ್ಲಿ ಹೇಳಿದರಾಯಿತು. ಮಂಡಿನೋವಿನ ದೊಡ್ಡವಳಿಗೆ ಆ ಕುರ್ಚಿ ಕನಸಿನಲ್ಲೂ ಬರತೊಡಗಿತು. ಮೇಡಂ ಒಂದಷ್ಟು ಇಂಗ್ಲಿಷ್ ಕ್ರಿಯಾಪದಗಳನ್ನು ದಪ್ಪಕ್ಷರದಲ್ಲಿ ಬರೆಸಿ ಗೋಡೆಗೆ ಅಂಟಿಸಿದರು.

"ಇವತ್ತಿನದು, ನಿನ್ನೇದು, ನಾಳೇದು, ಮೂರೂ ಬರಬೇಕು. ಎಲ್ಲಾ ಒಂದೇ ಥರ ನಡೆಯೋ ಮಾತುಗಳನ್ನೇ ಆರಿಸಿದ್ದೀನಿ. ಶನಿವಾರ ಒಬ್ಬೊಬ್ಬರನ್ನೇ ಕರೆದು ಕೇಳ್ತೀನಿ, ಸರಿಯಾಗಿ ಹೇಳಿದವರಿಗೆ ಕುರ್ಚಿ" ಎಂದರು.

ಕೆಲಸ ಬಿಟ್ಟು ಓದಲು ಪುರುಸೊತ್ತೆಲ್ಲಿ? ಉಪಾಯ ಹೊಳೆದದ್ದು, ಇನ್ಯಾರಿಗೆ, ಚಿಕ್ಕವಳಿಗೆ. ಬೆಡ್‌ಶೀಟು ಮಡಿಸಲು ಇಬ್ಬರು ಬೇಕು. ಎದುರುಬದುರು ನಿಂತು ಮೂಲೆ ಹಿಡಿಯುವ ಆ ಜೋಡಿ ಯಾವಾಗಲೂ ಈ ವಾರಗಿತ್ತಿಯರದೇ.

"ಅಕ್ಕ, ಮಡಿಸ್ತಾನೇ ಕಲಿಯೋಣ. ಕೊಡವಿ ಎಳೆಯುವಾಗ ಒಬ್ಬರು ಇವತ್ತಿನದು ಹೇಳೋದು. ಅಂಚು ಸೇರಿಸುವಾಗ ಇನ್ನೊಬ್ಬರು ನಿನ್ನೇದು. ಕೊನೇ ಮಡಿಕೆಗೆ ಇಬ್ಬರೂ ಸೇರಿ ನಾಳೇದು."

"ಇವತ್ತಿನದು ನನಗಿರಲಿ" ಎಂದು ದೊಡ್ಡವಳು ತಟ್ಟನೆ ಬಾಚಿಕೊಂಡಳು. ಗೋಡೆಯ ಮೇಲೆ ಇದ್ದ ಹಾಗೇ ಓದಿದರೆ ಮುಗಿಯಿತು. ನಿನ್ನೆಯದಕ್ಕೆ ಬಾಲ ಅಂಟಿಸುವ ತಾಪತ್ರಯ ಚಿಕ್ಕವಳಿಗಿರಲಿ, ನಾಲಿಗೆ ತೊಡರಿ ಬೀಳಲಿ ಎಂಬುದು ಒಳಗಿನ ಲೆಕ್ಕ.

ಲೆಕ್ಕ ತಲೆಕೆಳಗಾಯಿತು. ಇವಳು "ವಾಷ್" ಎಂದು ಒದರಿದರೆ ಅವಳು ಅಂಚು ಹಿಡಿದು ಹೆಜ್ಜೆ ಹಾಕುತ್ತಾ "ವಾಷ್ಡ್" ಎನ್ನುವಳು. "ಫೋಲ್ಡ್" ಎಂದರೆ "ಫೋಲ್ಡೆಡ್". ಆಮೇಲೆ ಇಬ್ಬರೂ "ವಿಲ್ ಫೋಲ್ಡ್". ಆ ಬಾಲ ಚಿಕ್ಕವಳ ಬಾಯಲ್ಲಿ ಎಷ್ಟು ಮುದ್ದಾಗಿ ಕುಣಿಯುತ್ತಿತ್ತೆಂದರೆ ಇಸ್ತ್ರಿ ಅಜ್ಜ ಕೆಲಸ ನಿಲ್ಲಿಸಿ, "ಇನ್ನೊಂದ್ಸಲ ಹೇಳಮ್ಮ" ಎನ್ನುತ್ತಿದ್ದ. ದೊಡ್ಡವಳ 'ವಾಷ್' ಅನ್ನು ಇನ್ನೊಂದು ಸಲ ಕೇಳಬೇಕೆಂದು ಯಾರಿಗೂ ಅನಿಸಲಿಲ್ಲ.

ಮನೆಯಲ್ಲೂ ಅದೇ ಭಜನೆ. "ಚಿಕ್ಕವಳ ನಾಲಿಗೆ ಎಷ್ಟು ನಯವಾಗಿ ಹೊರಳುತ್ತೆ. ನಿಂದು ಯಾಕೋ ಕಲ್ಲು ಕಡಿದ ಹಾಗಿದೆ" ಎಂದರು ಅತ್ತೆ. "ಅವಳ ಹತ್ರಾನೇ ಹೇಳಿಸ್ಕೊಳ್ಳೇ" ಎಂದ ಗಂಡ. ಆ ಹೊತ್ತು ಗಂಡನ ತಟ್ಟೆ ಮೇಜಿನ ಮೇಲೆ ಸ್ವಲ್ಪ ಜೋರಾಗಿಯೇ ಕೂತಿತು. ಹೊಟ್ಟೆಕಿಚ್ಚು ಅಂದರೆ ಬರೀ ಮಾತಲ್ಲ, ನಿಜವಾಗಿಯೂ ಹೊಟ್ಟೆಯೇ ಉರಿಯುತ್ತದೆ ಎಂದು ದೊಡ್ಡವಳಿಗೆ ಆಗ ಗೊತ್ತಾಯಿತು.

ಶನಿವಾರ ಮೊದಲು ಮೇಡಂ ಕೋಣೆಯ ಒಳಗೆ ಹೋದವಳು ದೊಡ್ಡವಳೇ.

"ಒಗೆಯೋದಕ್ಕೆ ಹೇಳು" ಎಂದರು ಮೇಡಂ.

"ವಾಷ್."

"ನಿನ್ನೇದು?"

ದೊಡ್ಡವಳ ಎರಡೂ ಕೈ ತಾವಾಗಿಯೇ ಮೇಲೆದ್ದವು. ಹಿಡಿಯಲು ಬಟ್ಟೆಯಿಲ್ಲ, ಎದುರಿಗೆ ಮುಖವಿಲ್ಲ. ನಿನ್ನೆಯದು ಬರುತ್ತಿದ್ದದ್ದು ಶೀಟಿನ ಆ ಕಡೆಯಿಂದ. ಅವಳ ಬಾಯಿಗೆ ಅದರ ಪರಿಚಯವೇ ಇರಲಿಲ್ಲ. ನಡುವಿನದು ತಪ್ಪಿದ ಮೇಲೆ ನಾಳೆಯದೂ ಹೊರಡಲಿಲ್ಲ. ಕೈ ಇಳಿಸಿ ಹೊರಗೆ ಬಂದಳು.

ಚಿಕ್ಕವಳು ಒಳಗೆ ಹೋದಳು. ದೊಡ್ಡವಳು ಬಾಗಿಲ ಸಂದಿಗೆ ಕಿವಿಯಿಟ್ಟು, ಇವಳಿಗೂ ಬಾರದಿರಲಿ ಎಂದು ಬೇಡಿಕೊಂಡಳು. ಬೇಡಿದ್ದು ಫಲಿಸಿತು.

"ಶುರು ಮಾಡಮ್ಮ, ಇವತ್ತಿನದರಿಂದ."

ಒಳಗಿನಿಂದ ಬಂದದ್ದು ಬಳೆ ತಿರುವುವ ಸದ್ದು ಮಾತ್ರ. ಶೀಟು ಹಿಡಿದಾಗಲೆಲ್ಲ ಶುರು ಮಾಡುತ್ತಿದ್ದವಳು ದೊಡ್ಡವಳಲ್ಲವೇ. ದೊಡ್ಡವಳ ಹೊಟ್ಟೆ ತಣ್ಣಗಾಯಿತು.

"ಒಂದೂ ಇಲ್ವಾ? ಸರಿ, ಹೊರಗಿನಿಂದ ಯಾರನ್ನಾದರೂ ತರ್ತೀನಿ" ಎಂದರು ಮೇಡಂ.

ತರಲಿ ಬಿಡು ಅಂದುಕೊಂಡಳು ದೊಡ್ಡವಳು. ಹೊರಗಿನವಳು ಕೂತರೆ ಯಾರಿಗೇನು ಉರಿ? ಅತ್ತೆ ಅವಳನ್ನು ಹೊಗಳುವುದಿಲ್ಲ, ಗಂಡ ಅವಳ ಹತ್ತಿರ ಕಲಿ ಎನ್ನುವುದಿಲ್ಲ. ಅಷ್ಟರಲ್ಲಿ ಒಳಗಿನಿಂದ ಸಣ್ಣ ದನಿ ಕೇಳಿತು: "ನಮ್ಮಕ್ಕ ಎದುರಿಗಿದ್ರೆ ಬರುತ್ತೆ ಮೇಡಂ."

ಹಾಳಾದವಳು, ಅಳುತ್ತಿದ್ದಳು.

ದೊಡ್ಡವಳು ರಾಶಿಯಿಂದ ಒಂದು ಶೀಟು ಸೆಳೆದುಕೊಂಡು ಕೇಳದೆಯೇ ಒಳನುಗ್ಗಿದಳು. ಎರಡು ಮೂಲೆಗಳನ್ನು ಚಿಕ್ಕವಳತ್ತ ಎಸೆದು, "ವಾಷ್" ಎಂದಳು. "ವಾಷ್ಡ್" ಎಂದು ಮೂಗು ಒರೆಸಿಕೊಳ್ಳುತ್ತಲೇ ಅವಳು ಬಂದಳು. ಗೋಡೆಯ ಮೇಲಿದ್ದದ್ದೆಲ್ಲ ಮುಗಿಯುವವರೆಗೆ ಅದೊಂದೇ ಶೀಟನ್ನು ಮಡಿಸಿದರು, ಬಿಚ್ಚಿದರು, ಮಡಿಸಿದರು. ಮೇಡಂ ನಗು ತಡೆಯಲಾರದೆ ಕನ್ನಡಕ ತೆಗೆದಿಟ್ಟರು.

"ಚೆನ್ನಾಗಿದೆ. ಆದರೆ ಕುರ್ಚಿ ಇರೋದು ಒಂದೇ."

ದೊಡ್ಡವಳು ಎದೆ ಗಟ್ಟಿ ಮಾಡಿಕೊಂಡು, ಚಿಕ್ಕವಳೇ ಕೂರಲಿ ಎಂದು ಬಾಯಿ ತೆರೆಯುವುದರೊಳಗೆ ಚಿಕ್ಕವಳು ಹೇಳಿಯೇಬಿಟ್ಟಳು: "ಅಕ್ಕ ಕೂತ್ಕೊಳ್ಳಲಿ. ಅವರ ಮಂಡಿ ತುಂಬಾ ನೋಯುತ್ತೆ. ನಿನ್ನೇದನ್ನ ನಾನು ಮನೇಲಿ ಹೇಳಿಕೊಡ್ತೀನಿ."

ದೊಡ್ಡತನದಲ್ಲೂ ಇವಳೇ ಮುಂದು. ಜೀವಮಾನದಲ್ಲಿ ಒಮ್ಮೆ ಒಳ್ಳೆಯವಳಾಗೋಣವೆಂದರೆ ಅದಕ್ಕೂ ಬಿಡಲಿಲ್ಲವಲ್ಲ ಎಂದು ದೊಡ್ಡವಳಿಗೆ ರೇಗಿತು.

ಮೇಡಂ ಒಪ್ಪಿದರು. ಸೋಮವಾರದಿಂದ ಅವಳು ಕುರ್ಚಿಯಲ್ಲಿ ಕೂತಳು. ಮೆತ್ತೆಯಿತ್ತು, ಫ್ಯಾನಿತ್ತು, ಮಂಡಿಗೆ ಸುಖವಾಗಿತ್ತು. ಅಂಗಿ ಕೇಳಲು ಬಂದವನೊಬ್ಬನಿಗೆ "ವಾಷ್ಡ್, ಐರನ್ಡ್" ಎಂದು ತಡವರಿಸದೆ ಹೇಳಿದಳು. ಅವನು ಹೋದ ಮೇಲೆ ಹಿಂದಿನ ಬಾಗಿಲಿನಿಂದ ಒಳಗೆ ನೋಡಿದಳು. ಹೊಸದಾಗಿ ಸೇರಿದ ಹೆಂಗಸೊಬ್ಬಳು ಚಿಕ್ಕವಳ ಎದುರಿಗೆ ನಿಂತು ಶೀಟು ಹಿಡಿದಿದ್ದಳು. ಹೊಸಬಳು "ಫೋಲ್ಡ್" ಎಂದಳು. ಚಿಕ್ಕವಳು ನಗುತ್ತಾ ಅಂಚು ಹಿಡಿದು ಅವಳತ್ತ ನಡೆದಳು.

ಹೊಸಬಳ ಕೈಯಲ್ಲಿದ್ದ ಆ ಎರಡು ಮೂಲೆಗಳು ತನ್ನವಾಗಿದ್ದವು. ದೊಡ್ಡವಳ ಹೊಟ್ಟೆ ಹಿಂದೆಂದೂ ಅಷ್ಟು ಉರಿದಿರಲಿಲ್ಲ.