ಎಲ್ಮರನ ಕೂಗು

"ಎಲ್ಲಿ ಹೋಗಿ ಮಲಗಿದೆಯಪ್ಪಾ ಈ ಗಾಳಿ?"

ಮುದುಕ ಸಿಂಕ್ಲೇರ್ ಡೇರೆಯ ಬಾಗಿಲಲ್ಲಿ ನಿಂತು ಕೇಳಿದ್ದು ಯಾರನ್ನೂ ಅಲ್ಲ. ಒಲೆಯ ಕೊಳವೆಯಿಂದ ಎದ್ದ ಹೊಗೆ ನೂಲು ಹಿಡಿದಂತೆ ನೆಟ್ಟಗೆ ಮೇಲೇರುತ್ತಿತ್ತು. ಗಾಳಿಯಿಲ್ಲದ ದಿನ ಬಂದೂಕು ಎತ್ತುವಂತಿಲ್ಲ. ಒಂದು ಗುಂಡಿನ ಸದ್ದು ಕೊಲ್ಲಿಯ ದಡದುದ್ದಕ್ಕೂ ಹರಿದರೆ ಸಾಕು, ಹೆಬ್ಬಾತುಗಳು ತಾವು ಇಳಿಯುವ ಕೊಳಗಳನ್ನೇ ಮರೆತುಬಿಡುತ್ತವೆ. ಸಿಂಕ್ಲೇರ್ ಆ ದಡದ ಬೇಟೆ ಯಜಮಾನ. ಯಾವತ್ತು ಕೂರಬೇಕು, ಯಾರು ಎಲ್ಲಿ ಕೂರಬೇಕು ಎಂದು ಅವನು ಹೇಳಿದ ಮೇಲೆಯೇ ಬಂದೂಕು ಚೀಲದಿಂದ ಹೊರಬರಬೇಕು.

ಒಳಗೆ ಸ್ಪ್ರೂಸ್ ಮರದ ಸೊಪ್ಪಿನ ಹಾಸಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ ಅಳಿಯ ಎಲ್ಮರ್ ತಲೆ ತಗ್ಗಿಸಿದ. ಬಿಡಾರದವರೆಲ್ಲ ಗಾಳಿಗಾಗಿ ಪ್ರಾರ್ಥಿಸುತ್ತಿದ್ದರು. ಗಾಳಿ ಬಾರದಿರಲಿ ಸ್ವಾಮೀ ಎಂದು ಬೇಡುತ್ತಿದ್ದವನು ಅವನೊಬ್ಬನೇ. ಹಿಂದಿನ ಸಂಜೆ ಪ್ರಾರ್ಥನೆ ಮುಗಿದು, ಕೊನೆಯ ಕೀರ್ತನೆಯ ದನಿ ಇನ್ನೂ ಆರದಿರುವಾಗಲೇ ಮಾವ ಎಲ್ಲರೆದುರು ಹೇಳಿಬಿಟ್ಟಿದ್ದ:

"ಗಾಳಿ ಎದ್ದ ದಿನ ಅಳಿಯ ನನ್ನ ಬೇಟೆ ಮರೆಯಲ್ಲೇ ಕೂರ್ತಾನೆ. ನಾವಿಬ್ರೇ. ನನ್ನ ಬಲಗಿವಿ ಸತ್ತು ಯಾವ ಕಾಲವಾಯ್ತೋ, ಎಡಗಿವಿನೂ ಗಂಟುಮೂಟೆ ಕಟ್ಟಿ ನಿಂತಿದೆ. ಅದು ಹೊರಡೋದರೊಳಗೆ ನಿನ್ನ ಹೆಬ್ಬಾತಿನ ಕೂಗನ್ನ ಮಗ್ಗುಲಲ್ಲಿ ಕೂತು ಒಂದ್ಸಲ ಕೇಳ್ಬೇಕು ಕಣಪ್ಪಾ. ನಮ್ಮವ್ವ ಥೇಟ್ ಹಾಗೇ ಕೂಗ್ತಿದ್ಲು. ಅದು ನಿನಗೆ ಎಲ್ಲಿಂದ ಬಂತೋ, ದೇವರಿಗೇ ಗೊತ್ತು. ಕೇಳಿಯಾದ ಮೇಲೆ ಈ ದಡದ ಯಜಮಾನಿಕೆ ನಿಂದು."

ದೇವರಿಗೂ ಗೊತ್ತಿತ್ತು, ಎಲ್ಮರನ ಹೆಂಡತಿ ಹ್ಯಾಟಿಗೂ ಗೊತ್ತಿತ್ತು. ಆ ಕೂಗು ಎಲ್ಮರನದಲ್ಲ. ಅವನ ಗಂಟಲಿಂದ ಹೆಬ್ಬಾತಿನ ಒಂದು ಸ್ವರವೂ ಹೊರಟಿದ್ದಿಲ್ಲ.

ಮದುವೆಯಾದ ಮೊದಲ ವಸಂತ. ದಕ್ಷಿಣದ ಹಳ್ಳಿಯಿಂದ ಹೆಂಡತಿಯ ನೆಲಕ್ಕೆ ಬಂದ ಹುಡುಗ, ಅಲ್ಲಿನ ಒಂದು ತೊರೆಯ ಹೆಸರೂ ಅವನಿಗೆ ತಿಳಿಯದು. ಕೊಂಬೆ ಕಟ್ಟಿ ಮಾಡಿದ ಮರೆಯಲ್ಲಿ ಅವನು ಬಂದೂಕು ಹಿಡಿದು ಮುಂದೆ ಕೂತಿದ್ದ. ಹ್ಯಾಟಿ ಅವನ ಬೆನ್ನಿಗೆ ಬೆನ್ನು ಕೊಟ್ಟು, ತಲೆ ಬಗ್ಗಿಸಿ, ಬೊಗಸೆಯೊಳಗೆ ಬಾಯಿಟ್ಟು ಕೂಗಿದ್ದಳು. ಅಜ್ಜಿಯ ಹಾಸಿಗೆಯಲ್ಲಿ ಮಲಗಿ ಬೆಳೆದವಳಿಗೆ ಅದು ಮಾತಿನಷ್ಟೇ ಸಲೀಸು. ಆಕಾಶದ ಅಂಚಿನಲ್ಲಿ ಹೋಗುತ್ತಿದ್ದ ಸಾಲು ತಿರುಗಿತು, ರೆಕ್ಕೆ ಮುರಿದುಕೊಂಡಂತೆ ಓಲಾಡುತ್ತ ಕೊಳಕ್ಕೆ ಇಳಿಯಿತು. ಪಕ್ಕದ ಮರೆಯಿಂದ ಸಿಂಕ್ಲೇರ್ ಕೆಸರು ತುಳಿದುಕೊಂಡು ಓಡಿಬಂದು ಎಲ್ಮರನ ಬೆನ್ನು ತಟ್ಟಿದ: "ಯಾರಯ್ಯಾ ಕಲಿಸಿದ್ದು ನಿನಗೆ?" ಹ್ಯಾಟಿ ನಗು ತಡೆಯಲು ಸೆರಗಿನಂತೆ ತಲೆವಸ್ತ್ರವನ್ನು ಬಾಯಿಗೆ ಒತ್ತಿಕೊಂಡಳು. ಆ ನೆಲದಲ್ಲಿ ಅವನಿಗೆ ಸಿಕ್ಕ ಮೊದಲ ಹೊಗಳಿಕೆ ಅದು. ನಾಳೆ ಹೇಳಿದರಾಯಿತು ಎಂದುಕೊಂಡ.

ನಾಳೆ ಬರಲೇ ಇಲ್ಲ. ಹೆಂಗಸರು ಕೂಗಬಾರದೆಂಬ ಕಟ್ಟಳೆ ಅಲ್ಲಿ ಯಾವತ್ತೂ ಇರಲಿಲ್ಲ. ಹೇಳಿದ್ದರೆ ಎಲ್ಲರೂ ನಕ್ಕು, ಅವಳನ್ನು ಹೊಗಳಿ, ರೊಟ್ಟಿ ಮುರಿದು ತಿನ್ನುತ್ತಿದ್ದರು. ಅವನು ಹೇಳಲಿಲ್ಲ, ಅಷ್ಟೇ. ವಸಂತದಿಂದ ವಸಂತಕ್ಕೆ ಅವಳು ಕೂಗಿದಳು, ಹೆಸರು ಅವನದಾಯಿತು. ಹಬ್ಬದೂಟದಲ್ಲಿ ಯಾರಾದರೂ "ಒಂದ್ಸಲ ಕೂಗಿ ತೋರ್ಸು" ಎಂದರೆ, "ಹಕ್ಕಿಯಿಲ್ಲದಾಗ ಆಟಕ್ಕೆ ಕೂಗಬಾರದು, ಅವು ಕೇಳಿಸ್ಕೋತವೆ, ನೊಂದ್ಕೋತವೆ" ಎನ್ನುತ್ತಿದ್ದ. ಹಿರಿಯರು ತಲೆದೂಗಿದರು. ಎಂಥ ಭಯಭಕ್ತಿ! ಚರ್ಚಿನ ಮೆಟ್ಟಿಲ ಮೇಲೂ ಅದೇ ಮಾತು. ಅವನು ಆಡಿದ ಒಂದೊಂದು ಒಳ್ಳೆಯ ಮಾತೂ ಅವನ ಸುತ್ತ ಒಂದೊಂದು ಗೂಟವಾಗಿ ನೆಟ್ಟುಕೊಂಡಿತು.

ಈಗ ಓಡಿಹೋಗೋಣವೆಂದರೆ ದಾರಿಯಿಲ್ಲ. ಕೊಲ್ಲಿಯ ಮಂಜುಗಡ್ಡೆ ಕೊಳೆತಿದೆ: ಹಿಮದ ಮೇಲೆ ಓಡುವ ಸ್ಕಿಡೂ ಗಾಡಿ ಇಳಿಸಿದರೆ ಮುಳುಗುತ್ತದೆ, ದೋಣಿ ಇಳಿಸಿದರೆ ಸಿಕ್ಕಿಕೊಳ್ಳುತ್ತದೆ. ಗಡ್ಡೆ ಒಡೆದು ಹೋಗುವತನಕ ಹಳ್ಳಿ ಆಚೆ, ಅವನು ಈಚೆ.

ಉಳಿದದ್ದು ಒಂದೇ ಉಪಾಯ. ಹ್ಯಾಟಿಯ ತಮ್ಮ ಕ್ಲಿಫರ್ಡನ ಚೀಲದಲ್ಲಿ ಪಟ್ಟಣದಿಂದ ತಂದ, ಹೆಬ್ಬಾತಿನ ದನಿ ಹೊರಡಿಸುವ ಪೀಪಿಗಳ ಸಂತೆಯೇ ಇತ್ತು. ಅವನು ಸೌದೆಗೆ ಹೋದಾಗ ಎಲ್ಮರ್ ಚೀಲ ಬಿಚ್ಚಿದ. ಗಿಡ್ಡನೆಯ ಪ್ಲಾಸ್ಟಿಕ್ಕಿನದು ಬಲು ಚುರುಕು, ಆದರೆ ನಾಲಿಗೆ ಪಳಗಿರಬೇಕು. ಅಲುಗಿಸಿದರೆ ತಾನೇ ಕೂಗುವ ರಬ್ಬರಿನದೊಂದಿತ್ತು. ಉಸಿರೇ ಬೇಡ, ಆದರೆ ಮಗ್ಗುಲಲ್ಲಿ ಕೂತ ಮುದುಕನಿಗೆ ಕಿವಿ ಹೋಗಿದ್ದರೂ ಕಣ್ಣಿದೆಯಲ್ಲ! ಉದ್ದನೆಯ ಮರದ್ದನ್ನು ಆರಿಸಿದ. ಅಂಗೈ ಮುಚ್ಚಿಕೊಂಡರೆ ಬೊಗಸೆಯೊಳಗೆ ಅಡಗುತ್ತದೆ. ಅಂಗಿಯೊಳಗೆ ತುರುಕಿಕೊಂಡು ಬಂಡೆಯಾಚೆಗೆ ಹೋಗಿ, ಕಣ್ಣು ಮುಚ್ಚಿ ಊದಿದ.

ಗಾಳಿಯಿಲ್ಲದ ದಿನ ದೂರ ಹೋಗುವುದು ಬಂದೂಕಿನ ಸದ್ದೊಂದೇ ಅಲ್ಲ ಎಂಬುದು ಅವನಿಗೆ ಆಮೇಲೆ ಹೊಳೆಯಿತು. ನಾಯಿಗಳು ಬೊಗಳಿದವು. ಕ್ಲಿಫರ್ಡ್ ಕೊಡಲಿ ಸಮೇತ ಓಡಿಬಂದ.

"ಅಯ್ಯೋ ಬಾವ, ನೀನಾ! ಯಾವುದೋ ಸೀಲುಪ್ರಾಣಿ ಹೆರಿಗೆ ನೋವು ತಿಂತಿದೆ ಅಂದ್ಕೊಂಡೆ!"

ಎಲ್ಮರ್ ಪೀಪಿಯನ್ನು ಅವನ ಕೈಗಿಟ್ಟ. "ನಿನ್ನ ಪೀಪಿಯಲ್ಲಿ ಜೀವ ಇದೆಯಾ ಅಂತ ನೋಡಿದೆ."

"ಇದೆಯಾ?"

"ನೀನೇ ಕೇಳಿದೆಯಲ್ಲ."

ಕ್ಲಿಫರ್ಡ್ ಪೀಪಿಯನ್ನು ತಿರುಗಿಸಿ ತಿರುಗಿಸಿ ನೋಡಿದ. "ದಿಟ ಬಾವ. ನಿನ್ನಂಥವನ ಬಾಯಿಗೇ ಬಗ್ಗಲಿಲ್ಲ ಅಂದ್ಮೇಲೆ ನಾನು ಊದಿ ಏನು ಸಾರ್ಥಕ?"

ಮಧ್ಯಾಹ್ನದ ಊಟದ ಹೊತ್ತಿಗೆ ಸುದ್ದಿ ಬಿಡಾರಕ್ಕೆಲ್ಲ ಹರಡಿತ್ತು. ಬಾವ ಪೀಪಿಗಳನ್ನು ಪರೀಕ್ಷೆ ಮಾಡಿ ಬೇಡವೆಂದನಂತೆ. ಒಬ್ಬೊಬ್ಬರೂ ತಮ್ಮ ಪೀಪಿಗಳನ್ನು ಚೀಲದ ತಳಕ್ಕೆ ಹಾಕಿದರು. ಮುದುಕನಿಗೆ ಎಡಗಿವಿಯಲ್ಲಿ ಕೂಗಿ ಹೇಳಬೇಕಾಯಿತು; ತಿಳಿದ ಮೇಲೆ ಸಂತೋಷದಿಂದ ತೊಡೆ ತಟ್ಟಿದ. "ಸರಿಯಾಗಿ ಹೇಳ್ದ. ನನ್ನ ಮರೆಯೊಳಗೆ ಪೀಪಿ ಗೀಪಿ ಕಾಣಕೂಡದು. ಬರೀ ಬಾಯಿ!"

ಎಲ್ಮರ್ ರೊಟ್ಟಿಯನ್ನು ತಟ್ಟೆಗೆ ಹಿಂದಿಟ್ಟ. ಎದುರಿಗೆ ಕೂತ ಹ್ಯಾಟಿ ಅವನನ್ನೇ ನೋಡುತ್ತಿದ್ದಳು. ನಗಲಿಲ್ಲ.

ಹೊತ್ತು ಇಳಿಯುವಾಗ ಅವಳು ಸೌದೆ ರಾಶಿಯ ಬಳಿ ಒಬ್ಬಳೇ ಇದ್ದಳು. ಅವನು ಹೋಗಿ ಸೌದೆ ಎತ್ತಿಕೊಡುವವನಂತೆ ಬಗ್ಗಿದ.

"ಮಾವನ ಮರೆ ಹಿಂದೆ ಒಂದು ವಿಲೋ ಪೊದೆ ಇದೆ," ಎಂದ ಮೆಲ್ಲಗೆ. "ದಟ್ಟವಾಗಿದೆ."

"ಇದೆ. ಚಿಕ್ಕೋಳಿದ್ದಾಗ ಅಲ್ಲೇ ಬಚ್ಚಿಟ್ಕೋತಿದ್ದೆ."

"ನಾನು ಅವರ ಎಡಕ್ಕೆ ಕೂರ್ತೀನಿ. ನೀನು ಮೊದಲೇ ಹೋಗಿ..."

"ಕೆಸರಲ್ಲಿ ಕೂತಿರ್ಬೇಕು."

"ಜಮಖಾನೆ ಕೊಡ್ತೀನಿ."

"ಓಹೋ, ಜಮಖಾನೆ! ರಾಣೀನೇ ಆದೆ ಬಿಡು." ಅವಳು ಒಂದು ಕೊರಡನ್ನು ಎತ್ತಿ ಅವನ ತೋಳಿನ ಮೇಲಿಟ್ಟಳು. ಇನ್ನೊಂದನ್ನಿಟ್ಟಳು. "ಎಲ್ಮರ್, ಒಂದು ಮಾತು ಕೇಳ್ತೀನಿ. ನನ್ನ ಕೂಗಿಗೆ ಅವು ಹೇಗೆ ಇಳಿತವೆ?"

"ಹೇಗೆ ಅಂದ್ರೆ? ಇಳಿಯೋ ಹಾಗೇ."

"ನಾನು ನೋಡಿಲ್ಲ. ಯಾವತ್ತೂ ನಿನ್ನ ಬೆನ್ನಿಗೆ ಬೆನ್ನು ಕೊಟ್ಟು, ನೆಲ ನೋಡ್ಕೊಂಡು ಕೂಗಿದ್ದೀನಿ. ರೆಕ್ಕೆ ಸದ್ದು ಕೇಳುತ್ತೆ, ಆಮೇಲೆ ಗುಂಡಿನ ಸದ್ದು. ನಾನು ತಿರುಗೋ ಹೊತ್ತಿಗೆ ಎಲ್ಲ ಮುಗಿದಿರುತ್ತೆ. ಕರೆಯೋಳು ನಾನು, ಬರೋದನ್ನ ನೋಡೋನು ನೀನು."

ಅವನಿಗೆ ಅದು ಯಾವತ್ತೂ ತೋಚಿರಲಿಲ್ಲ. ಎಷ್ಟೋ ವಸಂತಗಳ ಇಳಿತ ಕಣ್ಣ ಮುಂದೆ ಬಂತು. ಬಿಳಿಗೆನ್ನೆ, ಚಾಚಿದ ಕರಿಗಾಲು, ಗಾಳಿಯನ್ನು ತಡೆದು ನಿಲ್ಲಿಸುವ ಆ ಅಗಲವಾದ ರೆಕ್ಕೆ.

"ಅಪ್ಪನಿಗೆ ಹೇಳು," ಎಂದಳು. "ಈಗಲೇ ಹೋಗಿ ಹೇಳು. ನಾನು ಅವನ ಮುಂದೆ ಕೂತು ಗಂಟಲು ಹರಿಯೋ ಹಾಗೆ ಕೂಗ್ತೀನಿ."

"ಹೇಳ್ತೀನಿ. ಬೇಟೆ ಮುಗೀಲಿ, ಆಮೇಲೆ ಖಂಡಿತ..."

"ಮೊದಲನೇ ವಸಂತದಲ್ಲೂ ಹಿಂಗೇ ಅಂದಿದ್ದೆ."

ಆಗ ಅವಳ ತಲೆವಸ್ತ್ರದ ಅಂಚು ಅಲುಗಿತು. ಇಬ್ಬರೂ ಡೇರೆಯ ಕಡೆ ನೋಡಿದರು. ನೆಟ್ಟಗಿದ್ದ ಹೊಗೆ ಬಾಗಿ, ಮತ್ತೆ ಎದ್ದು, ಕೊನೆಗೆ ಪೂರಾ ದಕ್ಷಿಣಕ್ಕೆ ಮಲಗಿತು. ದಡದ ಹುಲ್ಲು ಒಟ್ಟಿಗೆ ಉಸಿರುಬಿಟ್ಟಿತು.

"ಅಳಿಯಾ!" ಡೇರೆಯ ಬಾಗಿಲಲ್ಲಿ ಮುದುಕ ಎರಡೂ ಕೈ ಮೇಲೆತ್ತಿ ನಿಂತಿದ್ದ, ದೇವರನ್ನು ಕಂಡವನಂತೆ. "ಎದ್ದಿತು ಗಾಳಿ! ಬೆಳಗಿನ ಜಾವಕ್ಕೆ ಹೊರಡೋದೇ! ಗಂಟಲು ಕಾಪಾಡ್ಕೋ, ಬಿಸಿನೀರು ಕುಡಿ!"

ಎಲ್ಮರ್ ಸೌದೆಯನ್ನು ಕೆಳಗೆ ಹಾಕಿ ಅವಳ ಕಡೆ ತಿರುಗಿದ. "ಹ್ಯಾಟಿ, ಒಂದೇ ಒಂದ್ಸಲ. ನಿಮ್ಮಪ್ಪನ ಸಲುವಾಗಿ ಅಂದ್ಕೋ. ಆ ಪೊದೆ ಹಿಂದೆ ಕೂತು ಕೂಗಿಬಿಡು. ನಿನ್ನ ಕಾಲಿಗೆ ಬೀಳ್ತೀನಿ."

ಹ್ಯಾಟಿ ತಲೆವಸ್ತ್ರವನ್ನು ಬಿಗಿಯಾಗಿ ಕಟ್ಟಿಕೊಂಡಳು.

"ಇಲ್ಲ," ಎಂದಳು. "ಕೂಗಲ್ಲ."