ಬೂದಿಯ ಒದೆ

ಬೂದಿ ಕುದುರೆಯ ಹಿಂಗಾಲಿನ ಒದೆ ಲಾಯದ ಹಲಗೆಗೆ ಬಿತ್ತು. ಒಂದು ಗೇಣು ಈಚೆಗೆ ಬಂದಿದ್ದರೆ ಅವಳ ಹಣೆ ಒಡೆಯುತ್ತಿತ್ತು. ಅವಳು ಕೂತಲ್ಲಿಂದ ಕದಲಲಿಲ್ಲ. ನೀರಿನ ಪೈಪನ್ನು ಮುಂಗಾಲಿನ ಊತಕ್ಕೆ ಹಿಡಿದೇ, "ಒದಿ, ಒದಿ. ನಿಮ್ಮಪ್ಪ ಹಾಕಿಸಿದ ಹಲಗೆ ನೋಡು" ಎಂದಳು. ಬೂದಿ ಕತ್ತು ಬಗ್ಗಿಸಿ ಅವಳ ಭುಜ ಕಚ್ಚಿತು. ಅಂಗಿಯ ತೋಳು ಹರಿಯಿತು. ಅವಳು ಮೊಣಕೈಯಿಂದ ಅದರ ಮೂತಿಗೆ ತಿವಿದು, ಮತ್ತೆ ನೀರು ಬಿಟ್ಟಳು.

ಕಾಲಿನ ನರ ಹರಿದ ಕುದುರೆಯನ್ನು ತಿಂಗಳುಗಟ್ಟಲೆ ಕಟ್ಟಿ ನಿಲ್ಲಿಸಬೇಕು. ಓಡಲೆಂದೇ ಹುಟ್ಟಿದ ಪ್ರಾಣಿ ಗೋಡೆಗಳ ನಡುವೆ ನಿಂತರೆ ಅದರ ಮೈಯಲ್ಲಿ ಸಿಟ್ಟು ಮಡುಗಟ್ಟುತ್ತದೆ. ಪೊಲೀಸ್ ಲಾಯದ ಉಳಿದ ಕೆಲಸದವರು ಬೂದಿಯ ಬಾಗಿಲ ಕಡೆ ಸುಳಿಯುವುದನ್ನೇ ಬಿಟ್ಟಿದ್ದರು. ಅಪ್ಪ ಸತ್ತ ಮೇಲೆ ಅವನ ಜಾಗಕ್ಕೆ ಸೇರಿದ್ದ ಅವಳೊಬ್ಬಳೇ ತಣ್ಣೀರು ಬಿಡುತ್ತಿದ್ದಳು, ಪಟ್ಟಿ ಸುತ್ತುತ್ತಿದ್ದಳು, ಕೈಯ ಹಿಂಬದಿಯನ್ನು ನರದುದ್ದಕ್ಕೂ ಇಟ್ಟು ಕಾವು ಇಳಿದಿದೆಯೇ ಎಂದು ನೋಡುತ್ತಿದ್ದಳು. ಎಲ್ಲರೂ ಅವಳನ್ನು ಕುದುರೆಯಕ್ಕ ಎನ್ನುತ್ತಿದ್ದರು.

ಮನೆಯಲ್ಲಿ ಅವಳ ತಮ್ಮನೂ ಬಿದ್ದುಕೊಂಡಿದ್ದ. ನೂಲಿನ ಗಿರಣಿಯ ಮುಂದೆ ಮುಷ್ಕರ ಕೂತವರ ಮೇಲೆ ಪೊಲೀಸರು ಕುದುರೆ ನುಗ್ಗಿಸಿದ ದಿನ ಬೂದಿಯ ಗೊರಸು ಅವನ ಸೊಂಟದ ಮೇಲೆ ಬಿದ್ದಿತ್ತು. ಬೂದಿಯ ನರ ಹರಿದದ್ದೂ ಅದೇ ಗಳಿಗೆಯಲ್ಲಿ. ನೆಲಕ್ಕೆ ಬಿದ್ದವನನ್ನು ತುಳಿಯದೆ ದಾಟಲು ಅದು ಪಕ್ಕಕ್ಕೆ ಹೊರಳಿತ್ತು. ಸವಾರ ಲಗಾಮು ಜಗ್ಗಿ ಮತ್ತೆ ಅವನ ಮೇಲೇ ತಿರುಗಿಸಿದ್ದ. ಆ ಸವಾರನನ್ನು ಲಾಯದಲ್ಲಿ ಮೀಸೆ ಎನ್ನುತ್ತಿದ್ದರು. ಅವನ ನಿಜವಾದ ಹೆಸರು ಅವನ ಹೆಂಡತಿಗೂ ಮರೆತುಹೋಗಿದೆ ಎಂದು ನಗುತ್ತಿದ್ದರು.

"ಅದರ ಕಾಲು ನೀವಿದ ಕೈಯಲ್ಲಿ ನನಗೆ ಬಡಿಸಬೇಡ" ಎಂದು ತಮ್ಮ ತಟ್ಟೆ ಎಸೆದ. ಅದು ಅಮ್ಮನ ಮೊಣಕಾಲಿಗೆ ಬಡಿಯಿತು.

"ಅವಳ ಕೈ ಬೇಡ ಅಂದ್ರೆ ಎದ್ದು ನೀನೇ ಬಡಿಸ್ಕೊಳ್ಳೋ ದೊರೆ" ಎಂದಳು ಅಮ್ಮ, ಮೊಣಕಾಲು ಉಜ್ಜಿಕೊಳ್ಳುತ್ತ.

"ವಾಸಿ ಮಾಡು ಅಕ್ಕಾ, ಚೆನ್ನಾಗಿ ವಾಸಿ ಮಾಡು. ಇನ್ನೊಂದ್ಸಲ ಬಂದು ತುಳೀಲಿ. ಆಗ ನಮ್ಮಿಬ್ಬರಿಗೂ ಒಟ್ಟಿಗೇ ಪಟ್ಟಿ ಕಟ್ಟೀಯಂತೆ."

ಬೂದಿಯ ಕಾಲಿನ ಕಾವು ದಿನದಿಂದ ದಿನಕ್ಕೆ ಇಳಿಯುತ್ತಿತ್ತು. ಇಳಿದಷ್ಟೂ ಅವಳಿಗೆ ಹಿಗ್ಗು. ಹಿಗ್ಗಿದಷ್ಟೂ ಮನೆಗೆ ಹೊರಡುವ ಮುನ್ನ ಕೈಗಳನ್ನು ಮತ್ತೆ ಮತ್ತೆ ತೊಳೆದುಕೊಳ್ಳುತ್ತಿದ್ದಳು.

ಬೂದಿಯನ್ನು ಇನ್ನು ಸ್ವಲ್ಪ ಸ್ವಲ್ಪ ನಡೆಸಬಹುದೆಂದು ಲಾಯದ ಡಾಕ್ಟರು ಹೇಳಿದ ಮೇಲೆ, ಮಧ್ಯಾಹ್ನ ಲಾಯದ ಹಿಂದಿನ ಗಟ್ಟಿ ರಸ್ತೆಯಲ್ಲಿ ಹಗ್ಗ ಹಿಡಿದು ನಡೆಸತೊಡಗಿದಳು. ಒಂದು ದಿನ ರಸ್ತೆಯ ತಿರುವಿನಲ್ಲಿ ತಮ್ಮ ಊರುಗೋಲು ಹಿಡಿದು ನಿಂತಿದ್ದ. ಅಷ್ಟು ದೂರ ಬಂದ ಆಯಾಸಕ್ಕೆ ಅವನ ಮುಖ ಬೆವೆತು ಬಿಳಚಿಕೊಂಡಿತ್ತು.

"ಹಗ್ಗ ಬಿಡಕ್ಕಾ."

"ಮನೆಗೆ ನಡಿ."

"ಬಿಡು ಅಂದೆ."

ಅವನು ಗೋಡೆಗೆ ಬೆನ್ನು ಕೊಟ್ಟು, ಊರುಗೋಲನ್ನು ಎರಡೂ ಕೈಯಲ್ಲಿ ಎತ್ತಿ ಬೀಸಿದ. ಏಟು ಪಟ್ಟಿ ಸುತ್ತಿದ ಕಾಲಿಗೇ ಬಿತ್ತು. ಬೂದಿ ಕಿರುಚಿ ಹಿಂಗಾಲುಗಳ ಮೇಲೆ ಎದ್ದು ನಿಂತಿತು. ಹಗ್ಗ ಅವಳ ಅಂಗೈ ಸುಲಿದುಕೊಂಡು ಹೋಯಿತು. ಅವನು ಮತ್ತೆ ಎತ್ತುವಷ್ಟರಲ್ಲಿ ಅವಳು ಊರುಗೋಲನ್ನು ಕಿತ್ತುಕೊಂಡು ಅವನ ಮುಖಕ್ಕೇ ಬೀಸಿದಳು. ಸೊಂಟದ ಮೇಲೆ ಹೊತ್ತು ಆಡಿಸಿದ ತಮ್ಮ. ತುಟಿ ಸೀಳಿ, ಅವನು ಗೋಡೆಗುಂಟ ಜಾರಿ ಕುಸಿದ. ಬೂದಿ ಕುಂಟುತ್ತ ಹೋಗಿ ಲಾಯದ ಗೇಟಿನ ಬಳಿ ನಡುಗುತ್ತ ನಿಂತಿತು.

ಗದ್ದಲ ಕೇಳಿ ಮೀಸೆ ಓಡಿ ಬಂದ. ಒಮ್ಮೆ ಕುದುರೆಯನ್ನು ನೋಡಿದ, ಒಮ್ಮೆ ನೆಲದ ಮೇಲಿದ್ದವನನ್ನು.

"ಇನ್ನೂ ಬುದ್ಧಿ ಬಂದಿಲ್ವೇನೋ ನಿಂಗೆ?" ಎಂದು ಬೂಟುಗಾಲಿನಿಂದ ಸೊಂಟಕ್ಕೆ ಒದ್ದ.

"ಬೇಡ ಸಾರ್, ಅಲ್ಲಿ ಮೂಳೆ ಇನ್ನೂ ಕೂಡಿಲ್ಲ!" ಎಂದು ಅವಳು ಕೂಗಿದಳು.

ಬೂಟು ಮತ್ತೆ ಅಲ್ಲಿಗೇ ಬಿತ್ತು. ತಮ್ಮನ ಬಾಯಿಂದ ಹೊರಟ ಕೂಗಿಗೂ ಆಗ ಕುದುರೆ ಕಿರುಚಿದ್ದಕ್ಕೂ ವ್ಯತ್ಯಾಸವೇ ಇರಲಿಲ್ಲ. ಅವಳು ಹಿಂದಿನಿಂದ ಮೀಸೆಯ ಕಿವಿಯ ಬುಡಕ್ಕೆ ಹೊಡೆದಳು. ಅವನು ತಿರುಗಿದಾಗಲೂ ಹೊಡೆದಳು. ಬಿದ್ದ ಮೇಲೂ ಹೊಡೆದಳು. ಊರುಗೋಲು ಮುರಿದದ್ದರಿಂದ ನಿಂತಳು.

ತಲೆಗೆ ಹೊಲಿಗೆ ಹಾಕಿಸಿಕೊಂಡ ಮೀಸೆ ಅಧಿಕಾರಿಯ ಮುಂದೆ, "ಬೂದಿ ಒದ್ದುಬಿಡ್ತು ಸಾರ್" ಎಂದ. ಲಾಯ ತೊಳೆಯುವ ಹೆಂಗಸಿನ ಕೈಯಲ್ಲಿ ಏಟು ತಿಂದೆ ಎನ್ನುವುದಕ್ಕಿಂತ ಅದು ಅವನಿಗೆ ಸುಲಭವಾಗಿತ್ತು. ಅವಳೂ ಸುಮ್ಮನಾದಳು. ತಮ್ಮ ಉಳಿದ, ಕೆಲಸ ಉಳಿಯಿತು ಎಂದುಕೊಂಡಳು.

ಮಾರನೆಯ ಬೆಳಿಗ್ಗೆ ಡಾಕ್ಟರು ಔಷಧಿಯ ಪೆಟ್ಟಿಗೆಯೊಂದಿಗೆ ಅಂಗಳದಲ್ಲಿ ನಿಂತಿದ್ದರು.

"ಕಾಲೂ ಕೆಟ್ಟಿದೆ, ಬುದ್ಧೀನೂ ಕೆಟ್ಟಿದೆ. ಸವಾರನನ್ನೇ ಒದೆಯೋ ಕುದುರೆ ಯಾರಿಗೆ ಬೇಕು? ಮುಗಿಸಿಬಿಡಿ" ಎಂದರು ಅಧಿಕಾರಿ.

"ಕಾಲು ಸರಿಹೋಗುತ್ತೆ ಸಾರ್" ಎಂದರು ಡಾಕ್ಟರು.

"ಬುದ್ಧಿ?"

ಡಾಕ್ಟರು ಮೀಸೆಯ ತಲೆಯ ಪಟ್ಟಿಯನ್ನು ನೋಡಿ ಪೆಟ್ಟಿಗೆ ತೆರೆದರು. ಬೂದಿಯ ತಲೆ ಹಿಡಿದುಕೊಳ್ಳಲು ಅವಳಿಗೇ ಹೇಳಿದರು. ಬೂದಿ ಬಂದು ಅವಳ ತೋಳಿಗೆ ಮೂತಿ ಉಜ್ಜಿತು.

"ಕುದುರೆ ಒದ್ದಿಲ್ಲ ಸಾರ್" ಎಂದಳು. "ಹೊಡೆದದ್ದು ನಾನು."

ಯಾರೋ ಕಿಸಕ್ಕೆಂದರು. ಮೀಸೆಯೂ ನಕ್ಕ. "ಕುದುರೆ ಮೇಲಿನ ಮೋಹ ಸಾರ್, ಏನೋ ಒದರ್ತಾಳೆ. ಸೊಳ್ಳೆ ಹೊಡೆಯೋಕೂ ಬರಲ್ಲ ಇವಳಿಗೆ."

ಅವಳು ಹಗ್ಗವನ್ನು ಡಾಕ್ಟರ ಕೈಗೆ ಕೊಟ್ಟಳು. ಗೋಡೆಗೆ ಒರಗಿಸಿದ್ದ ಲದ್ದಿ ಬಳಿಯುವ ಸಲಿಕೆಯನ್ನು ಎತ್ತಿಕೊಂಡು, ಇನ್ನೂ ನಗುತ್ತಿದ್ದ ಮೀಸೆಯ ಬಳಿಗೆ ಹೋಗಿ, ಅದರ ಹಿಡಿಯನ್ನು ಹೊಲಿಗೆ ಹಾಕಿದ ಜಾಗಕ್ಕೇ ಬೀಸಿದಳು. ಹೊಲಿಗೆ ಬಿಚ್ಚಿ ರಕ್ತ ಕತ್ತಿನವರೆಗೂ ಇಳಿಯಿತು. ಅವನು ಮಂಡಿಯೂರಿದ.

"ಹೀಗೆ ಸಾರ್" ಎಂದಳು ಅಧಿಕಾರಿಗೆ. "ನಿನ್ನೆ ಹೊಡೆದದ್ದು ಹೀಗೆ."

ಈಗ ಯಾರೂ ನಗಲಿಲ್ಲ. ಇಬ್ಬರು ಅವಳ ತೋಳುಗಳನ್ನು ಹಿಂದಕ್ಕೆ ತಿರುಚಿ ಹಿಡಿದರು. ಡಾಕ್ಟರು ಪೆಟ್ಟಿಗೆಯ ಮುಚ್ಚಳ ಮುಚ್ಚಿದರು.

ಅವಳು ಜೈಲಿನಿಂದ ಹೊರಬರುವ ಹೊತ್ತಿಗೆ ವರ್ಷ ತಿರುಗಿತ್ತು. ಕರೆದುಕೊಂಡು ಹೋಗಲು ತಮ್ಮ ಬಂದಿದ್ದ. ಕೈಯಲ್ಲಿ ಊರುಗೋಲಿರಲಿಲ್ಲ, ಮೇಲ್ತುಟಿಯ ಮೇಲೆ ಬಿಳಿಯ ಗೆರೆಯಿತ್ತು.

"ಚೆನ್ನಾಗಿ ಹೊಡೀತೀಯ ಬಿಡು" ಎಂದ. ಇಬ್ಬರಿಗೂ ನಗು ಬರಲಿಲ್ಲ.

"ಗಿರಣಿ?"

"ಮಧ್ಯೆ ತೆಗೆದಿದ್ರು. ಮತ್ತೆ ಮುಚ್ಚಿದಾರೆ. ನಾಳೆಯಿಂದ ಮತ್ತೆ ಗಿರಣಿ ಮುಂದೆ ಕೂರ್ತೀವಿ."

ಮನೆಯ ದಾರಿ ಲಾಯದ ಹಿಂದಿನ ರಸ್ತೆಯಲ್ಲೇ ಹಾದುಹೋಗುತ್ತಿತ್ತು. ಎದುರಿನಿಂದ ಹೊಸ ಸವಾರನೊಬ್ಬ ಬೂದಿಯನ್ನು ನಿಧಾನವಾಗಿ ಓಡಿಸುತ್ತ ಬಂದ. ಅವಳ ಕಣ್ಣು ಮುಂಗಾಲಿಗೆ ಹೋಯಿತು. ನರ ದಪ್ಪಗಾಗಿತ್ತು, ಆದರೆ ಕಾಲು ನೆಲಕ್ಕೆ ಧೈರ್ಯವಾಗಿ ಬೀಳುತ್ತಿತ್ತು. ತಮ್ಮ ಅವಳ ಮಣಿಕಟ್ಟು ಹಿಡಿದುಕೊಂಡ.

ಇಬ್ಬರೂ ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟರು. ಗೊರಸಿನ ಸದ್ದು ಒಂದು ಪೆಟ್ಟೂ ತಪ್ಪದೆ ಅವರನ್ನು ಹಾದು, ಗಿರಣಿಯ ಕಡೆಗೆ ಇಳಿದು ಹೋಯಿತು.