ಬೆಂಕಿ ಮುಂದೆ ಆಡಿದ ಮಾತು

ನನ್ನ ಗಂಡ ಸುತ್ತಿಟ್ಟ ಹಾಸಿಗೆ ಕಂಡರೆ ಬಿಚ್ಚಿ ನೋಡುತ್ತಾರೆ. ನಮ್ಮ ಮನೆಯದು ಅಂತಲ್ಲ, ಯಾರ ಮನೆಯದಾದರೂ ಸರಿ. ಲೋಕಿಕೆರೆಯ ನನ್ನ ತವರಿನಲ್ಲಿ ನೆಂಟರು ಎದ್ದುಹೋದ ಮೇಲೆ ಅವ್ವ ಮೂಲೆಗೆ ಒಟ್ಟಿದ ಕೌದಿಗಳನ್ನು ಒಂದೊಂದಾಗಿ ಬಿಡಿಸಿ, ಒಳಗೆ ಕೈಯಾಡಿಸಿ, ಮತ್ತೆ ಮೊದಲಿನಂತೆ ಸುತ್ತಿಡುತ್ತಾರೆ. ಹದಡಿಯಲ್ಲಿ ಒಂದು ಮದುವೆಗೆ ಹೋದಾಗ ಛತ್ರದವನು, "ಏನ್ ಕಳ್ಕಂಡೀರಿ ಸಾರ್?" ಅಂತ ಕೇಳಿದ. ಇವರು "ಏನಿಲ್ಲ" ಅಂದು ಇನ್ನೊಂದು ಸುರುಳಿಗೆ ಕೈ ಹಾಕಿದರು. ನೆಂಟರೆಲ್ಲ ನೋಡುತ್ತಿದ್ದರು. ನನಗೆ ತಲೆ ಎತ್ತಲು ಆಗಲಿಲ್ಲ.

ಇವರ ಹೆಸರು ನಿಂಗರಾಜು. ದಾವಣಗೆರೆಯಲ್ಲಿ ಫೈರ್‌ಮನ್. ಮನೆ ನಿಟ್ಟುವಳ್ಳಿಯಲ್ಲಿ. ಮದುವೆಯಾದ ಹೊಸದರಲ್ಲಿ ನಾನು ಇವರನ್ನು ಬಹಳ ಗೋಳು ಹೊಯ್ದುಕೊಳ್ಳುತ್ತಿದ್ದೆ. ಊರ ಬೆಂಕಿಯೆಲ್ಲ ಆರಿಸುವ ಮನುಷ್ಯನಿಗೆ ಮನೆಯ ಒಲೆ ಹಚ್ಚಲು ಬರುವುದಿಲ್ಲ ಅಂತ ಬಂದವರ ಮುಂದೆಲ್ಲ ಹೇಳುತ್ತಿದ್ದೆ. ಇವರು ನಗುತ್ತಿದ್ದರು. ಹರಿಹರದ ಆ ಬೆಂಕಿಯ ನಂತರ ನಗು ನಿಂತುಹೋಯಿತು.

ಹರಿಹರದಲ್ಲಿ ಒಂದು ಹಾಸಿಗೆ ಅಂಗಡಿ, ಅದರ ಹಿಂದೆಯೇ ಮನೆ. ಹಾಡುಹಗಲಲ್ಲಿ ಅಂಗಡಿಯ ಹತ್ತಿಗೆ ಬೆಂಕಿ ಬಿತ್ತು. ಆ ಊರಿನ ಗಾಡಿ ಆಗ ಬೇರೆ ಕಡೆ ಬಣವೆ ಆರಿಸಲು ಹೋಗಿತ್ತು, ಹಾಗಾಗಿ ಇಲ್ಲಿಂದ ಇವರ ಗಾಡಿ ಹೋಯಿತು. ಮನೆಯೊಳಗೆ ಗಂಡುಕೂಸು ಇದೆ ಅಂದರು. ಇವರು ನುಗ್ಗಿದರು. ಹತ್ತಿಯ ಹೊಗೆಯಲ್ಲಿ ಕಣ್ಣು ಕಾಣುವುದಿಲ್ಲ, ಎಲ್ಲವನ್ನೂ ಕೈಯಲ್ಲೇ ತಡವಿ ನೋಡಬೇಕು. ಮಂಚದ ಮೇಲೆ ಕೌದಿಯ ಸುರುಳಿ ಸಿಕ್ಕಿತು. ಎದೆಗವುಚಿಕೊಂಡು ಹೊರಗೆ ಓಡಿಬಂದರು. ತಾಯಿ ಅದನ್ನು ಕಿತ್ತುಕೊಂಡು ಬಿಚ್ಚಿದಳು. ಒಳಗೆ ಏನೂ ಇರಲಿಲ್ಲ. ಇವರು ತಿರುಗಿ ಬಾಗಿಲಿಗೆ ಓಡುವಷ್ಟರಲ್ಲಿ ಮಾಳಿಗೆ ಕುಸಿಯಿತು. ಕೂಸು ಆಮೇಲೆ ಅಡಿಗೆಮನೆಯ ಬಾಗಿಲ ಹಿಂದೆ ಸಿಕ್ಕಿತು. ನಿದ್ದೆಯಿಂದ ಎದ್ದು ಅವ್ವನನ್ನು ಹುಡುಕಿಕೊಂಡು ಹೋಗಿರಬೇಕು.

"ಲತಾ, ಅದು ಉಸಿರಾಡ್ತಿತ್ತು," ಅಂತ ಇವರು ಒಂದೇ ಒಂದು ಸಲ ನನ್ನ ಹತ್ತಿರ ಹೇಳಿದ್ದಾರೆ. "ನನ್ನೆದಿ ಮ್ಯಾಲೆ ಮೆತ್ತಗೆ ಉಸಿರು ಬಿಡ್ತಿತ್ತು."

ಅದು ನಿಮ್ಮದೇ ಉಸಿರು ಅಂದೆ. ಅವರು ಆಗ ನನ್ನನ್ನು ನೋಡಿದ ನೋಟ ನೆನೆದರೆ ಈಗಲೂ ಭಯವಾಗುತ್ತದೆ. ಮತ್ತೆ ಆ ಮಾತು ಎತ್ತಲಿಲ್ಲ. ಆದರೆ ರಜೆಯ ದಿನ ಒಬ್ಬರೇ ಕೂತಾಗ ಎರಡೂ ಕೈ ಎದೆಗೆ ಕಟ್ಟಿಕೊಂಡು ನಿಧಾನವಾಗಿ ತೂಗುತ್ತಾರೆ. ನಾನು ಪಾತ್ರೆ ಸದ್ದು ಮಾಡಿದರೆ ತುಟಿಗೆ ಬೆರಳಿಟ್ಟು ಸುಮ್ಮನಿರು ಅನ್ನುತ್ತಾರೆ. ನಮಗೆ ಮಕ್ಕಳಿಲ್ಲ. ಆದರೂ ಮನೆಯಲ್ಲೊಂದು ಕೂಸಿದೆ ಅಂತ ನನಗೇ ಎಷ್ಟೋ ಸಲ ಅನ್ನಿಸಿದೆ. ಹಾಲು ಕಾಯಿಸುತ್ತಾ ನಿಂತಾಗ ಯಾರೋ ಸೆರಗು ಹಿಡಿದು ಎಳೆದಂತಾಗಿ, ಹಿಂದಕ್ಕೆ ತಿರುಗಿ, ನೆಲದ ಮಟ್ಟದಲ್ಲಿ ಹುಡುಕಿದ್ದೇನೆ.

ಅಂದಿನಿಂದ ಇವರು ಉರಿಯುವ ಮನೆಯೊಳಗೆ ಕಾಲಿಟ್ಟಿಲ್ಲ. ಗಾಡಿಯ ಪಂಪಿನ ಹತ್ತಿರ ನಿಂತು ನೀರು ಬಿಡುತ್ತಾರೆ. ದಾವಣಗೆರೆಯಲ್ಲಿ ಜನ ಹೆಚ್ಚು, ಹೇಗೋ ನಡೆಯಿತು. ಈಚೆಗೆ ಹರಿಹರಕ್ಕೆ ವರ್ಗದ ಆರ್ಡರ್ ಬಂತು. ಅದು ಸಣ್ಣ ಸ್ಟೇಷನ್, ಕರೆ ಬಂದರೆ ಯಾರೂ ಹೊರಗೆ ನಿಲ್ಲುವ ಹಾಗಿಲ್ಲ. ಮೇಲಾಗಿ ಆ ಊರಲ್ಲಿ ಇವರಿಗೆ 'ಕೌದಿ ನಿಂಗ' ಅಂತಲೇ ಹೆಸರು. "ರಾಜೀನಾಮೆ ಕೊಡ್ತೀನಿ," ಅಂದರು. ಕೆಲಸ ಬಿಟ್ಟರೆ ಈ ಮನುಷ್ಯ ಇಡೀ ದಿನ ಆ ಇಲ್ಲದ ಕೂಸನ್ನು ತೂಗುತ್ತಾ ಕೂರುತ್ತಾರೆ, ಆಮೇಲೆ ನನ್ನ ಗಂಡ ನನಗೆ ದಕ್ಕುವುದಿಲ್ಲ ಅಂತ ಗೊತ್ತಾಯಿತು.

ಆ ವಾರ ಇವರು ಡ್ಯೂಟಿಗೆ ಹೋಗಿದ್ದಾಗ ಗುತ್ತೆಪ್ಪನವರು ಬಂದರು. ಈಗ ನಿವೃತ್ತರು. ಆ ದಿನ ಹರಿಹರದಲ್ಲಿ ಇವರ ಬೆನ್ನ ಹಿಂದೆ ಪೈಪು ಹಿಡಿದು ನಿಂತಿದ್ದವರು. ಟೀ ಕೊಟ್ಟು, ಅದರ ಜೊತೆಗೆ ನನ್ನ ಸಿಟ್ಟನ್ನೂ ಕೊಟ್ಟೆ. ನೀವೆಲ್ಲ ಸೇರಿ ಒಬ್ಬರ ತಲೆಗೆ ಕಟ್ಟಿ ಕೈ ತೊಳೆದುಕೊಂಡಿರಿ ಅಂದೆ.

ಅವರು ಲೋಟ ಕೆಳಗಿಟ್ಟರು. "ನಿಂಗರಾಜು ಆಯಮ್ಮ ಹೇಳಿದ್ದನ್ನೇ ತಂದನಮ್ಮ. ಮಂಚದ ಮ್ಯಾಲೆ ಕೌದ್ಯಾಗ ಸುತ್ತಿ ಮಲಗ್ಸೀನಿ, ಹಂಗೇ ಎತ್ಕಂಡು ಬರ್ರಿ ಅಂತ ಅವನ ಕೈ ಹಿಡ್ಕಂಡು ಹೇಳಿದ್ಲು. ನಾನು ಪಕ್ಕದಾಗೆ ನಿಂತಿದ್ದೆ."

"ಮತ್ತೆ ಇಷ್ಟು ವರ್ಷ ಯಾಕ ಬಾಯಿ ಬಿಡಲಿಲ್ಲ ನೀವು?"

"ಬೆಂಕಿ ಮುಂದೆ ಮನೆಯವರು ಆಡಿದ ಮಾತು ಸ್ಟೇಷನ್ನಿಗೆ ತರಬಾರ್ದಮ್ಮ. ನಮ್ಮ ಹಿರೇರು ಹಾಕಿದ ಕಟ್ಟು ಅದು."

ಆಗ ಹಳೆಯದೊಂದು ಸಂಗತಿ ಹೇಳಿದರು. ಅವರ ಹಿರಿಯರ ಕಾಲದಲ್ಲಿ ಊರಿಗೆಲ್ಲ ಒಂದೇ ಗಾಡಿ, ಬೆರಳೆಣಿಕೆಯ ಜನ, ಕರೆ ಬಂದರೆ ಗಂಟೆ ಬಾರಿಸಿಕೊಂಡು ಹೊರಡುತ್ತಿದ್ದರಂತೆ. ಒಮ್ಮೆ ಗೋಣಿಚೀಲದ ಗೋದಾಮು ಸುಟ್ಟು ಒಳಗೆ ಮಲಗಿದ್ದ ಹಮಾಲಿ ಸತ್ತ. ಗೋದಾಮಿನ ಕಾವಲುಗಾರ ಆ ಹಿರಿಯರ ಕಾಲು ಹಿಡಿದು, ದೀಪ ಆರಿಸದೆ ಬಂದವನು ನಾನೇ ಅಂತ ಅತ್ತ. ಆ ಮಾತನ್ನು ಅವರು ಟೀ ಕುಡಿಯುತ್ತಾ ಹೋಟೆಲಿನಲ್ಲಿ ಆಡಿದರು. ಸಂಜೆಯೊಳಗೆ ಊರೆಲ್ಲ ಹರಡಿತು. ಮಾರನೆಯ ದಿನ ಆ ಕಾವಲುಗಾರನ ಹೆಣವನ್ನು ಬಾವಿಯಿಂದ ಎತ್ತಲು ಕರೆ ಬಂದದ್ದೂ ಇದೇ ಗಾಡಿಗೆ. ಎತ್ತಿದವರೂ ಅವರೇ.

"ಸಾಹೇಬ್ರು ಕೇಳಿದಾಗ ನಾವಿಬ್ರೂ ಹೊಗಿ ಇತ್ತು ಅಂದ್ವಿ, ಅಷ್ಟೇ," ಅಂದರು ಗುತ್ತೆಪ್ಪ.

ಇವರು ಮನೆಗೆ ಬಂದ ಕೂಡಲೇ ಕೇಳಿದೆ. ಇಲ್ಲ ಅನ್ನಲಿಲ್ಲ. "ಆಕಿ ಹೇಳಿದ್ದು ಹೌದು. ಆದ್ರ ಒಂದ್ಸಲ ಒಳಗ ಕೈ ಹಾಕಿ ನೋಡಬೇಕಾದವ ನಾನು," ಅಂದರು.

ನನಗೆ ಮೈಯೆಲ್ಲ ಉರಿಯಿತು. ಕಾವಲುಗಾರ ಸತ್ತ ಅಂತ ನನ್ನ ಗಂಡ ಬದುಕಿದ್ದೂ ಸಾಯಬೇಕೇ? ಆ ಹೆಂಗಸು ಬಂದು ಇವರ ಮುಂದೆ ನಿಂತು, ನಾನೇ ಮಂಚದ ಮೇಲಿದೆ ಅಂದೆ, ನೀವು ತಪ್ಪು ಮಾಡಲಿಲ್ಲ ಅಂತ ಒಂದು ಮಾತು ಹೇಳಲಿ. ಹೇಳಿಸಿಯೇ ಬರುತ್ತೇನೆ ಅಂತ ಚಪ್ಪಲಿ ಮೆಟ್ಟಿದೆ. ಇವರು "ಬ್ಯಾಡ ಲತಾ" ಅಂದರು. ನಾನು ಕೇಳಲಿಲ್ಲ, ಹರಿಹರದ ಬಸ್ಸು ಹತ್ತಿದೆ.

ಅವಳ ಹೆಸರು ಅಂಕಿತಾ. ಈಗ ಹೊಳೆ ಕಡೆಯ ಒಂದು ಓಣಿಯಲ್ಲಿ ಬಾಡಿಗೆಗೆ ಇದ್ದಾರೆ. ಸೊಂಟದ ಮೇಲೆ ಹೆಣ್ಣುಮಗು ಇತ್ತು, ಸುಟ್ಟುಹೋದ ಕೂಸಿನ ನಂತರ ಹುಟ್ಟಿದ್ದು. ನಾನು ಯಾರು ಅಂತ ಹೇಳಿದೆ. ಮುಖ ಬಿಳಿಚಿತು, ಆದರೂ "ಒಳಗ ಬರ್ರಿ ಅಕ್ಕಾ, ಕೂಡ್ರಿ" ಅಂದಳು. ನೀರು ಕೊಟ್ಟಳು. ಜಗಳಕ್ಕೆ ಬಂದವಳಿಗೆ ಈ ಮರ್ಯಾದೆ ಇನ್ನೂ ಸಿಟ್ಟು ತರಿಸಿತು.

ಆ ಮನೆಯಲ್ಲಿ ಮಂಚ ಇರಲಿಲ್ಲ. ಹಾಸಿಗೆಗಳೆಲ್ಲ ನೆಲದ ಮೇಲೆ ಬಿಚ್ಚಿಕೊಂಡೇ ಬಿದ್ದಿದ್ದವು. ಮಗು ಚೆನ್ನಾಗಿ ಓಡಾಡುವಷ್ಟು ದೊಡ್ಡದು. ಕೆಳಗಿಳಿಯಲು ಒದ್ದಾಡುತ್ತಿತ್ತು, ಇವಳು ಬಿಡುತ್ತಿರಲಿಲ್ಲ. ಅಡಿಗೆಮನೆಯ ಬಾಗಿಲನ್ನು ಚೌಕಟ್ಟಿನಿಂದಲೇ ಕಿತ್ತು ಹೊರಗೆ ಒರಗಿಸಿದ್ದರು.

ನಾನು ಬಾಯಿ ತೆರೆಯುವ ಮೊದಲೇ ಅವಳು ಶುರು ಮಾಡಿದಳು. "ಅವತ್ತು ನಾನು ಕೂಗಿ ಕೂಗಿ ಹೇಳಿದೆ ಅಕ್ಕಾ. ಅಡಿಗಿಮನ್ಯಾಗ ಅದಾನೆ, ಅಡಿಗಿಮನ್ಯಾಗ ಅದಾನೆ ಅಂತ. ಅವರಿಗೆ ಕೇಳಿಸ್ಲಿಲ್ಲ. ಪಾಪ, ಅಷ್ಟು ಗದ್ದಲ ಇತ್ತು."

ಸುಳ್ಳು ಹೇಳುವವರ ಕಣ್ಣು ನನಗೆ ಗೊತ್ತು. ಇವಳದು ಆ ಕಣ್ಣಲ್ಲ. ದಿನಾ ತನಗೆ ತಾನೇ ಹೇಳಿಕೊಂಡು ಹೇಳಿಕೊಂಡು ಅದು ಅವಳಿಗೆ ನಿಜವಾಗಿಬಿಟ್ಟಿತ್ತು. ಮಂಚ ಅಂದ ಮಾತು ಅವಳೊಳಗೆ ಎಲ್ಲಿಯೂ ಉಳಿದಿರಲಿಲ್ಲ. ಆ ಮಾತು ಈಗ ನನ್ನ ನಾಲಿಗೆಯ ತುದಿಯಲ್ಲಿತ್ತು. ಒಮ್ಮೆ ಅಂದುಬಿಟ್ಟರೆ ನನ್ನ ಗಂಡ ಬಿಡುಗಡೆಯಾಗುತ್ತಿದ್ದರು, ಇವಳು ಆ ಮಗುವನ್ನು ನೆಲಕ್ಕಿಳಿಸಿ ಸೀದಾ ಹೊಳೆಗೆ ಹೋಗುತ್ತಿದ್ದಳು. ಹೋಗುತ್ತಿದ್ದಳು ಅಂತ ನನಗೆ ಖಾತ್ರಿಯಿತ್ತು. ಲೋಟದ ನೀರನ್ನೆಲ್ಲ ಕುಡಿದೆ.

ಹೊರಡುವಾಗ ಅವಳು ಬಾಗಿಲ ತನಕ ಬಂದಳು. "ಅವರಿಗೆ ಹೇಳ್ರಿ ಅಕ್ಕಾ. ನಾನು ಅವರನ್ನ ಕ್ಷಮಿಸೀನಿ ಅಂತ."

ಆ ಕ್ಷಣ ಅವಳ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ನಿಜ ಹೇಳುತ್ತಿದ್ದೇನೆ, ಕೈ ಎದ್ದೂ ಇತ್ತು. ಆ ಕೈಯನ್ನು ಮಗುವಿನ ತಲೆಯ ಮೇಲಿಟ್ಟು "ಹೇಳ್ತೀನಿ" ಅಂದೆ.

ಮನೆಗೆ ಬಂದಾಗ ಇವರು ಹೊಸಿಲಲ್ಲೇ ನಿಂತಿದ್ದರು. "ಏನಾರ ಅಂದ್ಯಾ ಆಕಿಗೆ?"

"ಇಲ್ಲ."

"ಆಕಿ ಏನಂದ್ಲು?"

"ನಿಮ್ಮನ್ನ ಕ್ಷಮಿಸ್ಯಾಳಂತೆ," ಅಂದೆ. ಬಾಯೆಲ್ಲ ಕಹಿಯಾಯಿತು.

ಇವರು ಅಲ್ಲೇ ಕುಸಿದು ಕೂತರು. ಇಷ್ಟು ವರ್ಷದಲ್ಲಿ ಒಮ್ಮೆಯೂ ಅಳದವರು ಓಣಿಯವರೆಲ್ಲ ಹೊರಗೆ ಬರುವ ಹಾಗೆ ಅತ್ತರು. "ಖರೇನಾ? ಕ್ಷಮಿಸಿದ್ಲಾ?" ಅಂತ ಮತ್ತೆ ಮತ್ತೆ ಕೇಳಿದರು. ಹೌದು, ಹೌದು ಅಂದೆ ಪ್ರತಿ ಸಲವೂ. ಅಳು ನಿಂತ ಮೇಲೆ ಹರಿಹರದ ದಿಕ್ಕಿಗೆ ಕೈ ಮುಗಿದರು.

ಮುಂದಿನ ವಾರ ಹರಿಹರಕ್ಕೆ ಹೋಗಿ ಡ್ಯೂಟಿಗೆ ಸೇರಿದರು. ಕರೆ ಬಂದರೆ ಎಲ್ಲರ ಜೊತೆ ಒಳಗೆ ಹೋಗುತ್ತಾರಂತೆ. ಅಂಕಿತಾ ನನ್ನ ಗಂಡನನ್ನು ಕ್ಷಮಿಸಿದಳು. ನಾನು ಅವಳನ್ನು ಇನ್ನೂ ಕ್ಷಮಿಸಿಲ್ಲ, ಅದನ್ನು ಮನೆಯಲ್ಲಿ ಹೇಳುವ ಹಾಗೂ ಇಲ್ಲ.